ಮೊದಲ ಪುಟ ಕಳಿಸಿ, ಉಳಿದದ್ದು ಆಮೇಲೆ ನೋಡೋಣ

ಉಡುಪಿ, ಮಣಿಪಾಲದ ಕಡೆ ಬರೆಯುವ ಹುಡುಗ ಹುಡುಗಿಯರ ನಡುವೆ ಈಗ ಒಂದು ಹೊಸ ಜ್ವರ ಹಬ್ಬಿದೆ. ಅದರ ಹೆಸರು ಮೊದಲ ಪುಟದ ಸ್ಪರ್ಧೆ. ನಿಯಮ ಸರಳ. ನೀವು ಬರೆದಿರುವ, ಅಥವಾ ಬರೆಯಬೇಕೆಂದಿರುವ ಕಾದಂಬರಿಯ ಮೊದಲ ಪುಟವನ್ನು ಮಾತ್ರ ಕಳಿಸಬೇಕು. ಹೆಚ್ಚೆಂದರೆ ಮುನ್ನೂರು ಪದ. ಇಂಗ್ಲಿಷಿನಲ್ಲಿರಬೇಕು, ಇಲ್ಲವೇ ಇಂಗ್ಲಿಷಿಗೆ ಅನುವಾದಿಸಿರಬೇಕು. ಜೊತೆಗೆ ಪ್ರವೇಶ ಶುಲ್ಕ. ತೀರ್ಪು ಕೊಡುವವರು ಲೇಖಕರೂ ಅಲ್ಲ, ವಿಮರ್ಶಕರೂ ಅಲ್ಲ, ಲಿಟರರಿ ಏಜೆಂಟರು. ಗೆದ್ದವರಿಗೆ ಏಜೆಂಟರ ಜೊತೆ ಅರ್ಧ ಗಂಟೆ ಮಾತನಾಡುವ ಅವಕಾಶ.

ಇದು ಹೊರಗಿನಿಂದ ಬಂದದ್ದು, ಬಂದ ಹಾಗೆ ಹೋಗುತ್ತದೆ ಎಂದು ಸುಮ್ಮನಿರಬಹುದಿತ್ತು. ಆದರೆ ಕಾರ್ಕಳದಿಂದ ಮಣಿಪಾಲದವರೆಗಿನ ನಮ್ಮದೇ ಗೆಳೆಯರ ಒಂದು ಬಳಗ ಈಗ ಇದೇ ಮಾದರಿಯಲ್ಲಿ ಕನ್ನಡದ ಸ್ಪರ್ಧೆಯೊಂದನ್ನು ನಡೆಸಲು ಹೊರಟಿದೆ. ಒಂದು ಪುಟ, ಒಂದು ವಾರ, ಬೆಂಗಳೂರು ಮತ್ತು ದೆಹಲಿಯಿಂದ ಇಬ್ಬರು ಏಜೆಂಟರು ತೀರ್ಪುಗಾರರು. ಸಂಘಟಕರಲ್ಲಿ ಒಬ್ಬನಾಗು ಎಂದು ನನ್ನನ್ನೂ ಕೇಳಿದರು. ಆಗುವುದಿಲ್ಲ ಎಂದೆ. ಕಾರಣ ಕೇಳಿದರು. ಚಹಾ ಕುಡಿಯುತ್ತಾ ಹೇಳಿ ಮುಗಿಸುವ ಕಾರಣವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಏಜೆಂಟರ ವಿಷಯ. ಅವರ ಮೇಲೆ ನನಗೆ ಸಿಟ್ಟಿಲ್ಲ. ಲೇಖಕರ ಪರವಾಗಿ ಪ್ರಕಾಶಕರ ಜೊತೆ ಮಾತನಾಡುವುದು, ಕರಾರು ಓದಿ ತಿದ್ದಿಸುವುದು, ಅನುವಾದದ ಹಕ್ಕು ಮಾರುವುದು ಅವರ ವೃತ್ತಿ. ಲೇಖಕರಿಗೆ ಬರುವ ಹಣದಲ್ಲಿ ಸಾಮಾನ್ಯವಾಗಿ ಶೇ. 15ರಷ್ಟು ಅವರ ಪಾಲು. ಇಂಗ್ಲಿಷ್ ಪ್ರಕಾಶನ ಲೋಕದಲ್ಲಿ ಇದು ನ್ಯಾಯವಾದ ಕೆಲಸ. ಅವರ ಮೇಜಿನ ಮೇಲೆ ದಿನವೂ ಹಸ್ತಪ್ರತಿಗಳ ರಾಶಿ ಬೀಳುತ್ತದೆ. ಎಲ್ಲವನ್ನೂ ಓದುವುದು ಅಸಾಧ್ಯ. ಹಾಗಾಗಿ ಒಂದೋ ಎರಡೋ ಪುಟ ಓದಿ ಬೇಡದ್ದನ್ನು ಬದಿಗಿಡುತ್ತಾರೆ. ಇದು ಅವರ ವೃತ್ತಿಯ ಅನಿವಾರ್ಯತೆ.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಮೊದಲ ಪುಟ ಓದುವುದು ರಾಶಿಯನ್ನು ಕಡಿಮೆ ಮಾಡಿಕೊಳ್ಳುವ ಉಪಾಯ. ಯಾವುದನ್ನು ಓದಬೇಕಾಗಿಲ್ಲ ಎಂದು ತೀರ್ಮಾನಿಸಲು ಅದು ನೆರವಾಗುತ್ತದೆ, ಯಾವುದು ಒಳ್ಳೆಯ ಕಾದಂಬರಿ ಎಂದು ಹೇಳಲು ಅಲ್ಲ. ತಿರಸ್ಕರಿಸುವುದಕ್ಕೆ ಇರುವ ಉಪಕರಣವನ್ನು ಬಹುಮಾನ ಕೊಡುವುದಕ್ಕೆ ಬಳಸಿದರೆ ಏನಾಗುತ್ತದೆ? ಉಪಕರಣಕ್ಕೆ ತಕ್ಕ ಹಾಗೆ ಬರವಣಿಗೆ ಬದಲಾಗುತ್ತದೆ.

ಬದಲಾಗುತ್ತಿರುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೇನೆ. ಈ ವರ್ಷ ಗೆಳೆಯರು ಓದಿಹೇಳು ಎಂದು ಕಳಿಸಿದ ಹದಿನಾಲ್ಕು ಮೊದಲ ಪುಟಗಳು ನನ್ನ ಹತ್ತಿರ ಇವೆ. ಒಂಬತ್ತರಲ್ಲಿ ಭೂತಕೋಲ ಇದೆ. ಮೂರರಲ್ಲಿ ಕಾಪುವಿನ ದೀಪಸ್ತಂಭ ಇದೆ. ಎಲ್ಲದರಲ್ಲೂ ಮಳೆ ಇದೆ. ಎರಡನೆಯ ಅಥವಾ ಮೂರನೆಯ ವಾಕ್ಯದಲ್ಲಿ ಯಾರೋ ಸಾಯುತ್ತಾರೆ, ಇಲ್ಲವೇ ಸತ್ತವರು ವಾಪಸು ಬರುತ್ತಾರೆ. 2022ರಲ್ಲಿ 'ಕಾಂತಾರ' ಬಂದ ಮೇಲೆ ನಮ್ಮ ಊರೆಂದರೆ ಹೊರಗಿನವರ ಕಣ್ಣಿಗೆ ಏನು ಎಂಬುದು ಹೆಚ್ಚುಕಡಿಮೆ ನಿಗದಿಯಾಗಿಬಿಟ್ಟಿದೆ. ಮುನ್ನೂರು ಪದಗಳಲ್ಲಿ ದೆಹಲಿಯ ಒಬ್ಬರ ಗಮನ ಸೆಳೆಯಬೇಕೆಂದರೆ ಅವರಿಗೆ ಈಗಾಗಲೇ ಗೊತ್ತಿರುವ ಕರಾವಳಿಯನ್ನೇ ತೋರಿಸಬೇಕು. ಬರೆದವರು ದಡ್ಡರಲ್ಲ. ಕೋಲವನ್ನು ಕಂಡು ಬೆಳೆದವರು, ಅದರ ಬಗ್ಗೆ ಗೌರವ ಇರುವವರು. ಆದರೆ ಅವರ ಕಾದಂಬರಿಗೆ ಕೋಲ ಬೇಕಾಗಿರಲಿಲ್ಲ, ಮೊದಲ ಪುಟಕ್ಕೆ ಬೇಕಾಗಿತ್ತು.

ಅವರಲ್ಲಿ ಕಾಪು ಕಡೆಯ ಒಬ್ಬ ಗೆಳತಿ ಇದ್ದಾಳೆ. ಮೀನು ಮಾರುವ ಹೆಂಗಸರ ಬದುಕಿನ ಮೇಲೆ ಆಕೆ ಬರೆಯುತ್ತಿರುವ ಕಾದಂಬರಿ ಇನ್ನೂರು ಪುಟ ದಾಟಿತ್ತು. ಬುಟ್ಟಿ, ಐಸು, ಸಾಲ, ಬಸ್ಸಿನಲ್ಲಿ ಕಂಡಕ್ಟರನ ಜೊತೆ ಜಗಳ, ಸಂಘದ ಲೆಕ್ಕದ ಪುಸ್ತಕ. ಆ ಲೆಕ್ಕದ ಪುಸ್ತಕದ ಅಧ್ಯಾಯದಂಥದ್ದನ್ನು ನಾನು ಕನ್ನಡದಲ್ಲಿ ಬೇರೆಲ್ಲೂ ಓದಿಲ್ಲ. ಈ ಸ್ಪರ್ಧೆಗಳ ಬೆನ್ನು ಹತ್ತಿದ ಮೇಲೆ ಆಕೆ ಮೊದಲ ಪುಟವನ್ನು ಹತ್ತೊಂಬತ್ತು ಸಲ ತಿದ್ದಿದ್ದಾಳೆ. ಇನ್ನೂರನೆಯ ಪುಟದ ನಂತರ ಒಂದು ಸಾಲೂ ಬರೆದಿಲ್ಲ. ಈ ಲೇಖನ ಬರೆಯಲು ಇದೊಂದೇ ಕಾರಣ ಸಾಕಿತ್ತು.

ಈಗ ಸಂಘಟಕ ಗೆಳೆಯರ ವಾದಗಳನ್ನು ನೋಡೋಣ. ಮೊದಲನೆಯದು: ಅನ್ನ ಬೆಂದಿದೆಯೋ ಎಂದು ನೋಡಲು ಒಂದು ಅಗುಳು ಸಾಕಲ್ಲವೇ? ಕುಚ್ಚಲಕ್ಕಿ ಬೇಯಿಸಿ ಗೊತ್ತಿರುವವರು ಈ ಮಾತನ್ನು ಇಷ್ಟು ಸಲೀಸಾಗಿ ಹೇಳುವುದಿಲ್ಲ. ಅಗುಳನ್ನು ಸೌಟು ಹಾಕಿ ಮಗುಚಿ ನಡುವಿನಿಂದ ತೆಗೆಯುತ್ತಾರೆ, ಮೇಲಿನದ್ದನ್ನು ಅಲ್ಲ. ಅದೂ ಅಲ್ಲದೆ ಪಾತ್ರೆಯಲ್ಲಿರುವುದು ಒಂದೇ ಅಕ್ಕಿ, ಒಂದೇ ನೀರು, ಒಂದೇ ಬೆಂಕಿ. ಕಾದಂಬರಿಯ ಇಪ್ಪತ್ತನೆಯ ಅಧ್ಯಾಯ ಮೊದಲನೆಯದರ ಹಾಗೆಯೇ ಇದ್ದರೆ ಅದು ಬೆಂದಿಲ್ಲ ಎಂದೇ ಅರ್ಥ.

ನಮ್ಮ ಊರಿನ ಇನ್ನೊಂದು ಉದಾಹರಣೆ ಕೊಡುತ್ತೇನೆ. ಇಡೀ ರಾತ್ರಿಯ ಯಕ್ಷಗಾನ ಪೂರ್ವರಂಗದಿಂದ ಶುರುವಾಗುತ್ತದೆ. ಕೋಡಂಗಿ, ಬಾಲಗೋಪಾಲ, ಆಮೇಲೆ ಸ್ತ್ರೀವೇಷ. ಅಲ್ಲಿ ಕುಣಿಯುವವರು ಹೆಚ್ಚಾಗಿ ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು. ಕಾಲು ಸರಿಯಾಗಲಿ, ಸಭಾಕಂಪ ಹೋಗಲಿ ಎಂದು ಅವರನ್ನು ಆ ಹೊತ್ತಿಗೆ ರಂಗಕ್ಕೆ ಬಿಡುತ್ತಾರೆ. ಬಣ್ಣದ ವೇಷ ಅಬ್ಬರಿಸುವುದು ರಾತ್ರಿ ಏರಿದ ಮೇಲೆ. ಮೊದಲ ಕಾಲು ಗಂಟೆ ನೋಡಿ ಮೇಳಕ್ಕೆ ಅಂಕ ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಅವರನ್ನು ನಾವು ನಗುತ್ತಾ ಮನೆಗೆ ಕಳಿಸುತ್ತೇವೆ. ಕಾದಂಬರಿಗೆ ಮಾತ್ರ ಅದೇ ವಿಧಾನ ಏಕೆ ಸರಿ?

ಕಾದಂಬರಿಯ ಬಲ ಹೆಚ್ಚಿನ ಸಲ ಶೇಖರಣೆಯಲ್ಲಿದೆ. ಕೋಟದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' 1941ರದ್ದು. ಮೂರು ತಲೆಮಾರಿನ ಕಥೆ. ಪಾರೋತಿ, ಸರಸೋತಿ, ನಾಗವೇಣಿ ಈ ಹೆಂಗಸರು ವರ್ಷಗಟ್ಟಲೆ ದುಡಿಯುತ್ತಾರೆ, ಸಹಿಸುತ್ತಾರೆ, ಉಪ್ಪುನೀರಿನ ಪಕ್ಕದ ಆ ಮಣ್ಣನ್ನು ಹಿಡಿದುಕೊಂಡೇ ಇರುತ್ತಾರೆ. ಯಾವುದೇ ಒಂದು ಪುಟ ಹರಿದು ತೆಗೆದು ಇದೇ ಅದರ ಶ್ರೇಷ್ಠತೆ ಎಂದು ತೋರಿಸಲಾಗದು. ದುಡಿಮೆಯ ಭಾರ ಓದುಗರ ಮೇಲೆ ಬೀಳಬೇಕಾದರೆ ಅಷ್ಟೂ ಪುಟ ಬೇಕು. ಅವರಿಗೆ 1977ರ ಜ್ಞಾನಪೀಠ ತಂದುಕೊಟ್ಟ 'ಮೂಕಜ್ಜಿಯ ಕನಸುಗಳು' ಕಾದಂಬರಿಯಲ್ಲಂತೂ ಸಾಮಾನ್ಯ ಅರ್ಥದ ಕಥೆಯೇ ಇಲ್ಲ. ಒಬ್ಬ ಮುದುಕಿ, ಒಬ್ಬ ಮೊಮ್ಮಗ, ಮಾತು. ಅದನ್ನು ಇಂದಿನ ಸ್ಪರ್ಧೆಯ ಭಾಷೆಯಲ್ಲಿ ಹೇಳಿದರೆ 'ಹುಕ್ ಇಲ್ಲ'.

ಸಣ್ಣ ಕಾದಂಬರಿಗೂ ಇದೇ ಮಾತು. ವಿವೇಕ ಶಾನಭಾಗರ 'ಘಾಚರ್ ಘೋಚರ್' 2013ರಲ್ಲಿ ಕನ್ನಡದಲ್ಲಿ ಬಂತು, ಶ್ರೀನಾಥ್ ಪೇರೂರ್ ಅವರ ಅನುವಾದದಲ್ಲಿ 2015ರಲ್ಲಿ ಇಂಗ್ಲಿಷಿಗೆ ಹೋಯಿತು, ಅಲ್ಲಿಂದ ಬೇರೆ ದೇಶಗಳಿಗೆ. ಏಜೆಂಟರು ಮೆಚ್ಚುವ ಯಶಸ್ಸು ಅದು. ಆದರೆ ಅದು ಶುರುವಾಗುವುದು ಕಾಫಿ ಹೌಸಿನಲ್ಲಿ ಕೂತ ಒಬ್ಬ ಮನುಷ್ಯನಿಂದ. ಅಲ್ಲಿ ಹೆಣ ಬೀಳುವುದಿಲ್ಲ. ಭಯ ಎಲ್ಲಿಂದ ಬಂತು ಎಂದು ಗೊತ್ತಾಗುವುದು ಪುಸ್ತಕ ಮುಗಿದಾಗ. ಆಗ ಮೊದಲ ಪುಟಕ್ಕೆ ವಾಪಸು ಹೋದರೆ ಅದು ಬೇರೆಯೇ ಪುಟವಾಗಿ ಕಾಣುತ್ತದೆ. ಒಳ್ಳೆಯ ಮೊದಲ ಪುಟ ಯಾವುದು ಎಂದು ಹೇಳಬೇಕಾದರೆ ಕೊನೆಯ ಪುಟ ಓದಿರಬೇಕು. ಸ್ಪರ್ಧೆಯ ತೀರ್ಪುಗಾರರಿಗೆ ಆ ಅವಕಾಶವೇ ಇಲ್ಲ. ಕೆಲವೊಮ್ಮೆ ಆ ಕೊನೆಯ ಪುಟವನ್ನು ಇನ್ನೂ ಯಾರೂ ಬರೆದೇ ಇರುವುದಿಲ್ಲ.

ಎರಡನೆಯ ವಾದ ಹೆಚ್ಚು ಗಟ್ಟಿಯಾದದ್ದು. ಕನ್ನಡದಲ್ಲಿ ಈಗಿರುವ ವ್ಯವಸ್ಥೆ ಏನು ಸುಂದರವಾಗಿದೆಯೇ ಎಂದು ಗೆಳೆಯರು ಕೇಳುತ್ತಾರೆ. ಮುನ್ನುಡಿಗಾಗಿ ಹಿರಿಯರ ಮನೆ ಬಾಗಿಲು ಕಾಯುವುದು, ಕೈಯಿಂದ ದುಡ್ಡು ಹಾಕಿ ಅಚ್ಚು ಹಾಕಿಸುವುದು, ಗ್ರಂಥಾಲಯದ ಸಗಟು ಖರೀದಿಗೆ ಕಾಯುವುದು, ಗೊತ್ತಿರುವವರ ಕೈಯಲ್ಲಿ ವಿಮರ್ಶೆ ಬರೆಸುವುದು. ಕಾರ್ಕಳದ ಒಂದು ಹಳ್ಳಿಯ ಹುಡುಗನಿಗೆ ಬೆಂಗಳೂರಿನಲ್ಲಿ ಯಾರ ಪರಿಚಯ ಇರುತ್ತದೆ? ಹೆಸರಿಲ್ಲದೆ ಕಳಿಸುವ ಒಂದು ಪುಟ ಅವನಿಗೆ ಸಮಾನ ಅವಕಾಶ ಕೊಡುವುದಿಲ್ಲವೇ?

ಈ ದೂರು ಅಕ್ಷರಶಃ ನಿಜ. ಹೆಸರು ಮುಚ್ಚಿ ಓದುವ ಪದ್ಧತಿ ಬೇಕೇ ಬೇಕು. ಆದರೆ ಹೆಸರು ಮುಚ್ಚಿದ ಮಾತ್ರಕ್ಕೆ ಬರೆಯುವವರು ಸ್ವತಂತ್ರರಾಗುತ್ತಾರೆಯೇ? ಇದಕ್ಕೆ ಉತ್ತರ ಕಾರ್ಕಳದ ಹತ್ತಿರದ ನಂದಳಿಕೆಯಲ್ಲೇ ಇದೆ. ಮುದ್ದಣ, ಅಂದರೆ ನಂದಳಿಕೆ ಲಕ್ಷ್ಮೀನಾರಣಪ್ಪ, ಹುಟ್ಟಿದ್ದು 1870ರಲ್ಲಿ. ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಕಲಿಸುವ ಮೇಷ್ಟರಾಗಿದ್ದಾತ. ಮೈಸೂರಿನಲ್ಲಿ ಆಗ ಹಳೆಯ ಕಾವ್ಯಗಳನ್ನು ಹುಡುಕಿ ಅಚ್ಚು ಹಾಕುವ ಪತ್ರಿಕೆಗಳಿದ್ದವು, 'ಕಾವ್ಯಮಂಜರಿ', 'ಕಾವ್ಯಕಲಾನಿಧಿ'. ಸಂಪಾದಕರಿಗೆ ಬೇಕಾಗಿದ್ದದ್ದು ಪ್ರಾಚೀನ ಕೃತಿಗಳು. ಮುದ್ದಣ ತಾನೇ ಬರೆದದ್ದನ್ನು ಹಿಂದಿನ ಕವಿಯೊಬ್ಬನ ಕೃತಿ ಎಂಬಂತೆ ಕಳಿಸಿದ. ಅಚ್ಚಾಯಿತು, ಮೆಚ್ಚುಗೆಯೂ ಬಂತು. ಬರೆದವನು ಜೀವಂತ ಇದ್ದಾನೆ ಎಂಬುದು ಮೆಚ್ಚಿದವರಿಗೆ ತಿಳಿಯಲಿಲ್ಲ. ಕ್ಷಯದಿಂದ ಆತ 1901ರಲ್ಲಿ ತೀರಿಕೊಂಡ, ಮೂವತ್ತೊಂದರ ವಯಸ್ಸಿನಲ್ಲಿ. ನನ್ನ ಗೆಳೆಯರ ಮೊದಲ ಪುಟಗಳಲ್ಲಿ ಮಿನುಗುವ ಕಾಪುವಿನ ದೀಪಸ್ತಂಭ ಕಟ್ಟಿದ್ದೂ ಅದೇ 1901ರಲ್ಲಿ. 'ಮುದ್ದಣ' ಎಂದರೆ ಈ ಮೇಷ್ಟರೇ ಎಂದು ಖಚಿತವಾಗಿದ್ದು ಆತ ಹೋದ ಬಹಳ ವರ್ಷಗಳ ಮೇಲೆ.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಕವಿಯ ಸಂಕೋಚದ ಕಥೆಯಾಗಿ ಹೇಳುತ್ತೇವೆ. ನನಗೆ ಅದು ಬಾಗಿಲು ಕಾಯುವವರ ಕಥೆಯಾಗಿ ಕಾಣುತ್ತದೆ. ದೂರದ ಊರಿನ ಸಂಪಾದಕರಿಗೆ ಏನು ಬೇಕೋ ಅದರ ವೇಷ ಹಾಕಿಕೊಂಡರೆ ಒಳಗೆ ಬಿಡುತ್ತಾರೆ. ಅಂದು ಹಳಗನ್ನಡದ ವೇಷ, ಇಂದು ಕೋಲದ ವೇಷ. ಹೆಸರು ಮುಚ್ಚಿದ್ದರಿಂದ ಮುದ್ದಣ ಒಳಗೆ ಹೋದ, ಆದರೆ ಮುದ್ದಣನಾಗಿ ಹೋಗಲಿಲ್ಲ. ಆದರೂ ಒಂದು ವ್ಯತ್ಯಾಸ ಇದೆ, ಅದು ಮೈಸೂರಿನ ಸಂಪಾದಕರ ಹೆಚ್ಚುಗಾರಿಕೆ. ಅವರು ಇಡೀ ಕೃತಿಯನ್ನು ತರಿಸಿಕೊಂಡು, ಓದಿ, ಅಚ್ಚು ಹಾಕಿದರು. ವೇಷದ ಒಳಗಿದ್ದ ಹೊಸ ಗದ್ಯ ಹಾಗಾಗಿ ಉಳಿಯಿತು. ಒಂದು ಪುಟ ಸಾಕು ಎಂದಿದ್ದರೆ ನಮಗೆ ವೇಷ ಮಾತ್ರ ಸಿಗುತ್ತಿತ್ತು.

'ಶ್ರೀ ರಾಮಾಶ್ವಮೇಧ'ದ ಆರಂಭದಲ್ಲೇ ಮುದ್ದಣ ಒಬ್ಬ ತೀರ್ಪುಗಾರ್ತಿಯನ್ನು ಕೂರಿಸಿದ್ದಾನೆ ಎಂಬುದನ್ನೂ ನೆನಪಿಸಬೇಕು. ಮನೋರಮೆ ಯಾವ ಕಥೆ ಬೇಡ ಎನ್ನುತ್ತಾಳೆ, ಯಾವುದು ಬೇಕು ಎನ್ನುತ್ತಾಳೆ, ಪದ್ಯ ಬೇಡ ಗದ್ಯ ಇರಲಿ ಎನ್ನುತ್ತಾಳೆ, ಸಂಸ್ಕೃತ ಹೆಚ್ಚಾದರೆ ತಕರಾರು ತೆಗೆಯುತ್ತಾಳೆ. ಏಜೆಂಟರಿಗಿಂತ ಕಠಿಣ ಓದುಗಾರ್ತಿ ಆಕೆ. ಆದರೆ ಮೊದಲ ಪುಟಕ್ಕೆ ಅಂಕ ಕೊಟ್ಟು ಎದ್ದು ಹೋಗುವುದಿಲ್ಲ. ಕಥೆಯ ನಡುನಡುವೆ ಪ್ರಶ್ನೆ ಕೇಳುತ್ತಾ, ಕೀಟಲೆ ಮಾಡುತ್ತಾ ಕೊನೆಯವರೆಗೆ ಕೂತಿರುತ್ತಾಳೆ. ಬರೆಯುವವರಿಗೆ ಬೇಕಾದದ್ದು ಅಂಥವರು.

ಮೂರನೆಯ ವಾದ ಬೂಕರಿನದು. ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದ ಮೇಲೆ ಲೋಕ ಕನ್ನಡದ ಕಡೆ ನೋಡುತ್ತಿದೆ, ಈಗಲೇ ಏಜೆಂಟರ ಕೈಗೆ ನಮ್ಮ ಪುಟಗಳನ್ನು ತಲುಪಿಸಬೇಕು ಎಂಬ ಆತುರ. ಆ ಪುಸ್ತಕ ಹೇಗಾಯಿತು ಎಂದು ನೋಡಿದರೆ ಈ ಆತುರಕ್ಕೆ ಆಧಾರ ಸಿಗುವುದಿಲ್ಲ. ಅದರಲ್ಲಿರುವುದು 1990ರಿಂದ 2023ರವರೆಗೆ ಬರೆದ ಹನ್ನೆರಡು ಕಥೆಗಳು. ಹಿಂದೆ ಬಂಡಾಯ ಸಾಹಿತ್ಯದ ಕಾಲ ಇದೆ, ಕನ್ನಡದಲ್ಲೇ ಬಂದ ಆರು ಸಂಕಲನಗಳಿವೆ, ಕನ್ನಡದಲ್ಲೇ ಓದಿ ಮೆಚ್ಚಿದ, ಬೈದ ಓದುಗರಿದ್ದಾರೆ. ದೀಪಾ ಭಾಸ್ತಿ ಅದೆಲ್ಲವನ್ನೂ ಓದಿ ಆರಿಸಿದರು. ಕನ್ನಡದ ಶಬ್ದಗಳನ್ನು ಓರೆ ಅಕ್ಷರದಲ್ಲಿ ಹಾಕುವುದಿಲ್ಲ, ಅಡಿಟಿಪ್ಪಣಿ ಕೊಡುವುದಿಲ್ಲ ಎಂದು ಹಟ ಹಿಡಿದರು. ಮುನ್ನೂರು ಪದದ ಸ್ಪರ್ಧೆಯಲ್ಲಿ ಇಂಥ ಹಟ ನಡೆಯುತ್ತದೆಯೇ? ಅಪರಿಚಿತ ಶಬ್ದ ಎದುರಾದ ಕೂಡಲೇ ತೀರ್ಪುಗಾರರು ಮುಂದಿನ ಪುಟಕ್ಕೆ ಹೋಗುತ್ತಾರೆ ಎಂಬ ಹೆದರಿಕೆಯಲ್ಲಿ ನನ್ನ ಗೆಳೆಯರು ಬೊಂಡಕ್ಕೂ ಬೈರಾಸಿಗೂ ವಿವರಣೆ ಬರೆಯುತ್ತಿದ್ದಾರೆ. ಒಂದೇ ಮನೆಯೊಳಗೆ ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ ಕೇಳಿಸುವ ಊರು ನಮ್ಮದು. ಆ ಬಹುಭಾಷೆ ಮೊದಲ ಪುಟದಲ್ಲೇ ಸತ್ತರೆ ಮುಂದಿನ ಪುಟಗಳಲ್ಲಿ ಹುಟ್ಟುವುದಿಲ್ಲ.

ಲೆಕ್ಕವನ್ನೂ ಹಾಕಿ ನೋಡೋಣ. 250 ರೂಪಾಯಿ ಬೆಲೆಯ ಕನ್ನಡ ಕಾದಂಬರಿ, ಸಾವಿರ ಪ್ರತಿ, ಶೇ. 10 ಗೌರವಧನ ಎಂದುಕೊಳ್ಳಿ. ಎಲ್ಲ ಪ್ರತಿ ಮಾರಾಟವಾದರೂ ಲೇಖಕರಿಗೆ 25,000 ರೂಪಾಯಿ. ಅದರಲ್ಲಿ ಏಜೆಂಟರ ಶೇ. 15 ಎಂದರೆ 3,750 ರೂಪಾಯಿ. ಈ ಹಣಕ್ಕೆ ಯಾವ ಏಜೆಂಟರೂ ಕನ್ನಡ ಪುಸ್ತಕದ ಪರವಾಗಿ ವರ್ಷವಿಡೀ ಓಡಾಡಲಾರರು, ಓಡಾಡಬೇಕು ಎಂದು ನಿರೀಕ್ಷಿಸುವುದೂ ತಪ್ಪು. ಹಾಗಾಗಿ ಕನ್ನಡ ಸ್ಪರ್ಧೆಗೆ ಏಜೆಂಟರನ್ನು ತೀರ್ಪುಗಾರರನ್ನಾಗಿ ಕರೆದರೆ ಅವರು ಹುಡುಕುವುದು ಇಂಗ್ಲಿಷಿನಲ್ಲಿ ಮಾರಾಟವಾಗಬಹುದಾದ ಕನ್ನಡವನ್ನು. ಅದು ಅವರ ವೃತ್ತಿಗೆ ಸರಿ. ಕನ್ನಡದ ಕಾದಂಬರಿಗೆ ಅಳತೆಗೋಲಾಗಿ ಅದನ್ನು ನಾವೇ ಕರೆದು ಕೂರಿಸುವುದು ಸರಿಯಲ್ಲ.

ಪಶ್ಚಿಮದಲ್ಲೂ ಎಲ್ಲರೂ ಹೀಗೆ ಮಾಡುವುದಿಲ್ಲ ಎಂಬುದನ್ನು ಗೆಳೆಯರು ಗಮನಿಸಬೇಕು. ಬ್ರಿಟನ್ನಿನ ಬಾತ್ ಕಾದಂಬರಿ ಪ್ರಶಸ್ತಿ ಮೊದಲ ಸುತ್ತಿಗೆ ಸುಮಾರು 5,000 ಪದಗಳನ್ನು ಕೇಳುತ್ತದೆ, ಮುಂದಿನ ಸುತ್ತಿಗೆ ಆಯ್ಕೆಯಾದವರಿಂದ ಪೂರ್ತಿ ಹಸ್ತಪ್ರತಿ ತರಿಸಿಕೊಳ್ಳುತ್ತದೆ. ಅಲ್ಲೂ ಏಜೆಂಟರು ತೀರ್ಪುಗಾರರೇ, ಆದರೆ ಓದುವುದು ಕಾದಂಬರಿಯನ್ನು. ನಾವು ನಕಲು ಮಾಡುತ್ತಿರುವುದು ಅಲ್ಲಿನ ಅತ್ಯಂತ ಅಗ್ಗದ ಮಾದರಿಯನ್ನು.

ಹತ್ತಿರದಲ್ಲೇ ಒಳ್ಳೆಯ ಮಾದರಿಗಳಿವೆ. ವಸುಧೇಂದ್ರರ ಛಂದ ಪುಸ್ತಕ ಇನ್ನೂ ಸಂಕಲನ ಬಂದಿರದ ಕಥೆಗಾರರಿಂದ ಇಡೀ ಹಸ್ತಪ್ರತಿ ತರಿಸಿಕೊಂಡು, ಹಿರಿಯ ಲೇಖಕರಿಂದ ಓದಿಸಿ, ಗೆದ್ದದ್ದನ್ನು ಪುಸ್ತಕವಾಗಿ ತರುತ್ತದೆ. 'ಪ್ರಜಾವಾಣಿ' ದೀಪಾವಳಿ ಸ್ಪರ್ಧೆ ಮೊದಲಿನಿಂದಲೂ ಪೂರ್ತಿ ಕಥೆಯನ್ನೇ ಕೇಳಿದೆ. ತೇಜಸ್ವಿಯವರ 'ಲಿಂಗ ಬಂದ' ಅಲ್ಲಿಂದ ಬಂದದ್ದು. ಕುಂದಾಪುರದ ಜಾನಕಿ 'ವೈದೇಹಿ'ಯಾದದ್ದು 'ಸುಧಾ'ಕ್ಕೆ ಕಳಿಸಿದ ಒಂದು ಕಥೆಯಿಂದ. ಸತ್ಯಕಥೆ, ಪ್ರಕಟಿಸಬೇಡಿ ಎಂದು ಅವರು ಬರೆದಾಗ ಸಂಪಾದಕರು ಆ ಹೆಸರಿಟ್ಟು ಪ್ರಕಟಿಸಿದರು. ಒಬ್ಬ ಸಂಪಾದಕ ಕಥೆಯನ್ನು ಕೊನೆಯವರೆಗೆ ಓದಿದ್ದರಿಂದ ಒಂದು ಹೆಸರು ಹುಟ್ಟಿತು. ಮಣಿಪಾಲದಲ್ಲೇ 1983ರಲ್ಲಿ ಸಂತೋಷ್ ಕುಮಾರ್ ಗುಲ್ವಾಡಿಯವರ ಸಂಪಾದಕತ್ವದಲ್ಲಿ ಶುರುವಾದ 'ತರಂಗ' ಕರಾವಳಿಯ ಎಷ್ಟೋ ಮನೆಗಳಿಗೆ ವಾರವಾರ ಧಾರಾವಾಹಿ ಓದುವ ಅಭ್ಯಾಸ ಹಿಡಿಸಿತು. ಧಾರಾವಾಹಿಗೂ ಕಂತಿನ ಕೊನೆಗೆ ಕೊಕ್ಕೆ ಬೇಕಿತ್ತು, ನಿಜ. ಆದರೆ ಆ ಕೊಕ್ಕೆ ಓದುಗರನ್ನು ಮುಂದಿನ ವಾರಕ್ಕೆ ಒಯ್ಯುತ್ತಿತ್ತು, ಮೊದಲ ಪುಟದಲ್ಲೇ ನೇತುಹಾಕಿ ಬಿಡುತ್ತಿರಲಿಲ್ಲ.

ಈ ಪತ್ರಿಕೆ ಓದುವ ವಿದ್ಯಾರ್ಥಿಗಳಿಗೆ ಒಂದು ಮಾತು. ನಾವು ಸಂಶೋಧನೆ ಮಾಡುವವರು ಮೊದಲ ವರ್ಷ ಸಿನಾಪ್ಸಿಸ್ ಬರೆಯುತ್ತೇವೆ. ಅದು ಚೆನ್ನಾಗಿದ್ದರೆ ನೋಂದಣಿ ಆಗುತ್ತದೆ. ಸಿನಾಪ್ಸಿಸ್ ನೋಡಿ ಡಾಕ್ಟರೇಟ್ ಕೊಡುತ್ತೇವೆ ಎಂದು ಯಾವುದಾದರೂ ವಿಶ್ವವಿದ್ಯಾಲಯ ಹೇಳಿದರೆ ನಾವೇ ಮೊದಲು ಬೀದಿಗಿಳಿದು ಕೂಗುತ್ತೇವೆ. ಕಾದಂಬರಿಯ ವಿಷಯದಲ್ಲಿ ಮಾತ್ರ ಶುಲ್ಕ ಕಟ್ಟಿ ಸಾಲಿನಲ್ಲಿ ನಿಲ್ಲುತ್ತಿದ್ದೇವೆ.

ಬೇಡ ಎಂದು ಹೇಳಿ ಸುಮ್ಮನಾಗುವುದು ಸುಲಭ. ಹಾಗಾಗಿ ಸಂಘಟಕ ಗೆಳೆಯರ ಮುಂದೆ ಬದಲಿ ಪ್ರಸ್ತಾಪ ಇಡುತ್ತೇನೆ. ಪೂರ್ತಿ ಹಸ್ತಪ್ರತಿ ಕೇಳಿ. ಹೆಸರು ಮುಚ್ಚಿ. ಶುಲ್ಕ ಬೇಡ. ಕನ್ನಡದೊಳಗೆ ತುಳು, ಬ್ಯಾರಿ, ಕೊಂಕಣಿ ಬಂದರೆ ಬರಲಿ, ವಿವರಣೆ ಕೇಳಬೇಡಿ. ಗೆಲ್ಲಲಿ ಸೋಲಲಿ, ಕಳಿಸಿದ ಪ್ರತಿಯೊಬ್ಬರಿಗೂ ಓದಿದವರು ಅರ್ಧ ಪುಟದ ಅಭಿಪ್ರಾಯ ಬರೆದುಕೊಡಲಿ. ಗೆದ್ದ ಕಾದಂಬರಿ ಕನ್ನಡದಲ್ಲಿ ಅಚ್ಚಾದ ಮೇಲೆ ಬೇಕಿದ್ದರೆ ಏಜೆಂಟರನ್ನು ಕರೆಯಿರಿ, ಅನುವಾದಕರ ಜೊತೆ ಕೂರಿಸಿ. ಅಲ್ಲಿ ಅವರಿಗೆ ನಿಜವಾದ ಕೆಲಸವಿದೆ.

ಅಷ್ಟು ಓದುವುದಕ್ಕೆ ಸಮಯ ಯಾರಿಗಿದೆ ಎನ್ನುತ್ತೀರಿ. ಮೂವತ್ತು ಹಸ್ತಪ್ರತಿ ಬಂದವು ಎಂದುಕೊಳ್ಳಿ, ಒಂದೊಂದೂ ಇನ್ನೂರು ಪುಟ. ಒಟ್ಟು 6,000 ಪುಟ. ಪ್ರತಿಯೊಂದನ್ನೂ ಇಬ್ಬರು ಓದಬೇಕು, ಆಗ 12,000. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಸೇರಿಸಿದರೆ ಕಾದಂಬರಿ ಓದಬಲ್ಲ ಹತ್ತು ಜನ ಸಿಗದ ಬಡತನ ನಮಗೆ ಬಂದಿಲ್ಲ. ಹತ್ತು ಜನರಿಗೆ ತಲಾ 1,200 ಪುಟ. ಮೂರು ತಿಂಗಳಲ್ಲಿ ಮುಗಿಸಲು ದಿನಕ್ಕೆ ಹದಿಮೂರು ಹದಿನಾಲ್ಕು ಪುಟ. ಕಾರ್ಕಳದಿಂದ ಉಡುಪಿಗೆ ಬರುವ ಬಸ್ಸಿನಲ್ಲಿ ಓದಿ ಮುಗಿಸಬಹುದು.

ಮೊದಲ ಪುಟದ ಸ್ಪರ್ಧೆಗೆ ನನ್ನ ಹೆಸರು ಹಾಕಬೇಡಿ. ಈ ಸ್ಪರ್ಧೆ ನಡೆಸುವುದಾದರೆ ಹತ್ತು ಜನರಲ್ಲಿ ಒಬ್ಬನಾಗಿ ನನ್ನನ್ನು ಬರೆದುಕೊಳ್ಳಿ. ನನ್ನ ಪಾಲಿನ 1,200 ಪುಟ ನಾನು ಓದುತ್ತೇನೆ. ಇನ್ನು ಒಂಬತ್ತು ಜನ ಬೇಕು.